ನಗರ ಪಾಲಿಕೆಗೆ ನೀಡುವ ದೇಣಿಗೆ: ಕಾನೂನು, ಲೆಕ್ಕ ಮತ್ತು ಎಚ್ಚರಿಕೆ

ಮಾರುಕಟ್ಟೆಯ ಮೂಲೆಯಲ್ಲೊಂದು ಕುಡಿಯುವ ನೀರಿನ ಘಟಕ, ರಸ್ತೆ ಬದಿಯಲ್ಲೊಂದು ಬಸ್ ತಂಗುದಾಣ, ಉದ್ಯಾನಕ್ಕೆ ಕಲ್ಲುಬೆಂಚು, ರುದ್ರಭೂಮಿಗೆ ಚಾವಣಿ: ವರ್ತಕರು ಊರಿಗಾಗಿ ಮಾಡಿಸಿಕೊಟ್ಟ ಇಂತಹ ಕೆಲಸಗಳು ನಮ್ಮ ರಾಜ್ಯದ ಯಾವ ನಗರದಲ್ಲಾದರೂ ಕಾಣಸಿಗುತ್ತವೆ. ಆದರೆ ಕೊಡುವಾಗಿನ ಉತ್ಸಾಹ ಕಾಗದಪತ್ರಗಳ ವಿಷಯದಲ್ಲಿ ಇರುವುದಿಲ್ಲ. ಇದರಿಂದ ತೆರಿಗೆ ನಿರ್ಧಾರಣೆಯ ವೇಳೆ ಸಿಗಬೇಕಾದ ಕಡಿತ ಕೈತಪ್ಪುತ್ತದೆ. ಅದಕ್ಕಿಂತ ದೊಡ್ಡ ನಷ್ಟವೆಂದರೆ, ಕೊಟ್ಟ ಸ್ವತ್ತು ಯಾರ ಹೊಣೆಗೂ ಸೇರದೆ ಎರಡು ಮಳೆಗಾಲಗಳಲ್ಲಿ ತುಕ್ಕು ಹಿಡಿಯುತ್ತದೆ.

ಮೊದಲು ಪಾಲಿಕೆಯ ಕಡೆಯಿಂದ ವಿಷಯವನ್ನು ನೋಡೋಣ. 1976ರ ಕರ್ನಾಟಕ ಪೌರ ನಿಗಮಗಳ ಕಾಯ್ದೆಯಡಿ ರಚಿತವಾದ ಮಹಾನಗರ ಪಾಲಿಕೆಯು ಕಾನೂನಿನ ದೃಷ್ಟಿಯಲ್ಲಿ ಸ್ವತಂತ್ರ ವ್ಯಕ್ತಿ. ತನ್ನ ಹೆಸರಿನಲ್ಲಿ ಆಸ್ತಿ ಹೊಂದಬಲ್ಲದು, ಕರಾರು ಮಾಡಿಕೊಳ್ಳಬಲ್ಲದು. ವಾರ್ಡಿನ ಸದಸ್ಯರಾಗಲಿ, ಸ್ಥಳಕ್ಕೆ ಬಂದ ಕಿರಿಯ ಅಭಿಯಂತರರಾಗಲಿ ಪಾಲಿಕೆಯಲ್ಲ. ಅವರ ಬಾಯಿಮಾತಿನ ಒಪ್ಪಿಗೆಯನ್ನು ನಂಬಿ ಕೆಲಸ ಆರಂಭಿಸುವುದು ಸರಿಯಲ್ಲ. ಸಭೆಯ ಠರಾವು ಅಥವಾ ಆಯುಕ್ತರ ಲಿಖಿತ ಆದೇಶ, ಚುನಾಯಿತ ಸಭೆ ಇಲ್ಲದಿದ್ದಾಗ ಆಡಳಿತಾಧಿಕಾರಿಯ ಆದೇಶ, ಕಡತದಲ್ಲಿರಲೇಬೇಕು. ಬೆಂಗಳೂರಿನ ಸದಸ್ಯರಿಗೆ ಒಂದು ಮಾತು: 2025ರ ಸೆಪ್ಟೆಂಬರ್‌ನಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಸ್ಥಾನದಲ್ಲಿ ಐದು ಪಾಲಿಕೆಗಳು ಬಂದಿವೆ. ಚೆಕ್ ಬರೆಯುವ ಮೊದಲು ಸ್ಥಳವು ಯಾವ ಪಾಲಿಕೆಗೆ ಸೇರಿದೆ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು.

ಹಣವು ಪಾಲಿಕೆಯ ಖಾತೆ ಸೇರಿದ ಮೇಲೆ ಏನಾಗುತ್ತದೆ? 2004ರ ರಾಷ್ಟ್ರೀಯ ಪೌರ ಲೆಕ್ಕಪತ್ರ ಕೈಪಿಡಿಯ ಪ್ರಕಾರ, ನಿರ್ದಿಷ್ಟ ಉದ್ದೇಶಕ್ಕೆಂದು ಬಂದ ಹಣ ಆದಾಯವಲ್ಲ, ಜವಾಬ್ದಾರಿ. ಖರ್ಚಾಗುವವರೆಗೆ ಅದು ಅಢಾವೆ ಪತ್ರಿಕೆಯ ಜವಾಬ್ದಾರಿಗಳ ಬದಿಯಲ್ಲಿಯೇ ಉಳಿಯಬೇಕು. ಆದರೆ ಉದ್ದೇಶವನ್ನು ಬರೆದುಕೊಡದೆ ನೀಡಿದ ಹಣ ಸಾಮಾನ್ಯ ನಿಧಿಯಲ್ಲಿ ಬೆರೆತು, ಸಂಬಳಕ್ಕೋ ವಿದ್ಯುತ್ ಬಿಲ್ಲಿಗೋ ಹೋದರೆ ಯಾರನ್ನೂ ಆಕ್ಷೇಪಿಸುವಂತಿಲ್ಲ. ಆದ್ದರಿಂದ ದೇಣಿಗೆಯ ಪತ್ರದಲ್ಲಿ ಸ್ಥಳ, ಕೆಲಸ ಮತ್ತು ಕಾಲಾವಧಿ ಮೂರೂ ಇರಲಿ. ಹಣ ಪಾಲಿಕೆಗೆ ಸೇರಿದ ನಂತರ ಕೆಲಸವು 1999ರ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆಯ ಟೆಂಡರ್ ನಿಯಮಗಳಿಗೆ ಒಳಪಡುತ್ತದೆ. ತಮ್ಮ ಪರಿಚಯದ ಗುತ್ತಿಗೆದಾರನಿಗೇ ಕೆಲಸ ಕೊಡಿಸಬೇಕೆಂದು ದಾನಿಗಳು ನಿರೀಕ್ಷಿಸುವಂತಿಲ್ಲ.

ಟೆಂಡರ್ ತೊಡಕು ಬೇಡವೆಂದು ಅನೇಕರು ಸ್ವತ್ತನ್ನು ತಾವೇ ನಿರ್ಮಿಸಿ ಹಸ್ತಾಂತರಿಸುತ್ತಾರೆ. ಕೆಲಸ ಬೇಗ ಮುಗಿಯುತ್ತದೆ, ಗುಣಮಟ್ಟವೂ ತಮ್ಮ ಕೈಯಲ್ಲಿರುತ್ತದೆ. ಆದರೆ ಅದೇ ಕೈಪಿಡಿಯ ಪ್ರಕಾರ ಉಚಿತವಾಗಿ ಬಂದ ಸ್ಥಿರ ಸ್ವತ್ತನ್ನು ಪಾಲಿಕೆಯು ಒಂದು ರೂಪಾಯಿ ನಾಮಮಾತ್ರ ಬೆಲೆಗೆ ದಾಖಲಿಸುತ್ತದೆ. ತಾವು ಹದಿನೈದು ಲಕ್ಷ ವೆಚ್ಚ ಮಾಡಿ ಕಟ್ಟಿಸಿದ ತಂಗುದಾಣದ ಲೆಕ್ಕದ ಬೆಲೆ ಒಂದು ರೂಪಾಯಿ! ಲೆಕ್ಕಶಾಸ್ತ್ರದ ದೃಷ್ಟಿಯಿಂದ ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಒಂದು ರೂಪಾಯಿಯ ಆಸ್ತಿಗೆ ಸವಕಳಿಯೂ ಇಲ್ಲ. ಆಯವ್ಯಯ ಸಿದ್ಧಪಡಿಸುವವರ ಕಣ್ಣಿಗೆ ಅದರ ನಿರ್ವಹಣೆಯೂ ಬೀಳುವುದಿಲ್ಲ. ನಾನು ಲೆಕ್ಕ ನೋಡುವ ಒಂದು ಪಾಲುದಾರಿಕೆ ಸಂಸ್ಥೆ ಕೊಟ್ಟ ನೀರಿನ ಘಟಕ ಶೋಧಕ ಬದಲಿಸುವವರಿಲ್ಲದೆ ನಿಂತುಹೋಯಿತು. ಸಂಸ್ಥೆಯ ಹೆಸರಿನ ಫಲಕ ಮಾತ್ರ ಇಂದಿಗೂ ಹೊಳೆಯುತ್ತಿದೆ. ಹಸ್ತಾಂತರ ಪತ್ರದಲ್ಲಿ ನಿರ್ವಹಣೆಯ ಹೊಣೆ ಯಾರದು, ಎಷ್ಟು ವರ್ಷ ಎಂಬುದನ್ನು ಬರೆಯದೆ ಯಾವ ಯಂತ್ರವನ್ನೂ ಕೊಡಬಾರದೆಂಬುದು ನನ್ನ ಖಚಿತ ಅಭಿಪ್ರಾಯ.

ಇನ್ನು ಆದಾಯ ತೆರಿಗೆ. 1961ರ ಕಾಯ್ದೆಯ 80ಜಿ ಕಲಂ (2026ರ ಏಪ್ರಿಲ್ 1ರಿಂದ ಅನ್ವಯಿಸುವ 2025ರ ಕಾಯ್ದೆಯಲ್ಲಿ 133ನೆಯ ಕಲಂ) ಸ್ಥಳೀಯ ಪ್ರಾಧಿಕಾರಕ್ಕೆ ಧರ್ಮಾರ್ಥ ಉದ್ದೇಶಕ್ಕಾಗಿ ನೀಡಿದ ದೇಣಿಗೆಯ ಶೇ. 50ರಷ್ಟನ್ನು ಕಡಿತವಾಗಿ ಒಪ್ಪುತ್ತದೆ. ಖಾಸಗಿ ಧರ್ಮಸಂಸ್ಥೆಗಳಂತೆ ಪಾಲಿಕೆಯು ಇದಕ್ಕಾಗಿ ಪ್ರತ್ಯೇಕ ಅನುಮೋದನೆ ಪಡೆದಿರಬೇಕಾಗಿಲ್ಲ. ಆದರೆ ಮಿತಿಗಳಿವೆ. ಕಡಿತಕ್ಕೆ ಅರ್ಹವಾಗುವುದು ಸ್ಥೂಲ ಒಟ್ಟು ಆದಾಯದ (ಇತರ ಕಡಿತಗಳನ್ನು ಕಳೆದು) ಶೇ. 10ರಷ್ಟು ಮೊತ್ತ ಮಾತ್ರ. 2,000 ರೂಪಾಯಿ ಮೀರಿದ ನಗದಿಗೆ ಕಡಿತವಿಲ್ಲ. ವಸ್ತುರೂಪದ ದಾನಕ್ಕಂತೂ ಕಡಿತ ಇಲ್ಲವೇ ಇಲ್ಲ, ಹಣವನ್ನೇ ಕೊಟ್ಟಿರಬೇಕು. ಹೊಸ ತೆರಿಗೆ ಪದ್ಧತಿಯಲ್ಲಿರುವ ವ್ಯಕ್ತಿಗಳಿಗೂ ರಿಯಾಯಿತಿ ದರ ಆಯ್ದುಕೊಂಡ ಕಂಪನಿಗಳಿಗೂ ಈ ಸೌಲಭ್ಯ ದೊರೆಯದು. ಪಾಲುದಾರಿಕೆ ಸಂಸ್ಥೆಗಳಿಗೆ ದೊರೆಯುತ್ತದೆ.

ಒಂದು ಲೆಕ್ಕ ನೋಡಿ. ಒಂದು ಪಾಲುದಾರಿಕೆ ಸಂಸ್ಥೆಯ ಸ್ಥೂಲ ಆದಾಯ 40 ಲಕ್ಷ ರೂಪಾಯಿ, ಬೇರೆ ಕಡಿತಗಳಿಲ್ಲ ಎಂದಿಟ್ಟುಕೊಳ್ಳೋಣ. ಅದು ಮಾರ್ಚ್‌ನಲ್ಲಿ ಒಮ್ಮೆಗೇ 5 ಲಕ್ಷ ಕೊಟ್ಟರೆ ಅರ್ಹ ಮೊತ್ತ 4 ಲಕ್ಷ, ಕಡಿತ 2 ಲಕ್ಷ. ಸೆಸ್ ಸೇರಿ ಶೇ. 31.2ರಂತೆ ಉಳಿತಾಯ 62,400 ರೂಪಾಯಿ. ಅದೇ ಹಣವನ್ನು ಮಾರ್ಚ್‌ನಲ್ಲಿ ಎರಡೂವರೆ ಲಕ್ಷ, ಏಪ್ರಿಲ್‌ನಲ್ಲಿ ಎರಡೂವರೆ ಲಕ್ಷವೆಂದು ಎರಡು ವರ್ಷಗಳಿಗೆ ಹಂಚಿದರೆ, ಆದಾಯ ಅಷ್ಟೇ ಇದ್ದಲ್ಲಿ, ಉಳಿತಾಯ 78,000 ರೂಪಾಯಿ.

ಕೊಟ್ಟದ್ದು ನಿಜಕ್ಕೂ ವ್ಯಾಪಾರದ ಅಗತ್ಯಕ್ಕಾಗಿಯೇ ಎಂದಾದರೆ ಇನ್ನೊಂದು ದಾರಿ ಇದೆ. ಶ್ರೀ ವೆಂಕಟ ಸತ್ಯನಾರಾಯಣ ರೈಸ್ ಮಿಲ್ ಕಾಂಟ್ರ್ಯಾಕ್ಟರ್ಸ್ ಪ್ರಕರಣದಲ್ಲಿ (1997ರ 223 ಐ.ಟಿ.ಆರ್.) ಜಿಲ್ಲಾಧಿಕಾರಿಯ ಕಲ್ಯಾಣ ನಿಧಿಗೆ ಅಕ್ಕಿ ವ್ಯಾಪಾರಿಗಳು ನೀಡಿದ ವಂತಿಗೆಯನ್ನು, ಅದು ವ್ಯಾಪಾರದೊಡನೆ ನೇರ ಸಂಬಂಧ ಹೊಂದಿದ್ದರಿಂದ, ಸರ್ವೋಚ್ಚ ನ್ಯಾಯಾಲಯವು ಪೂರ್ತಿ ವ್ಯಾಪಾರದ ಖರ್ಚೆಂದು ಒಪ್ಪಿತು. ತಮ್ಮ ಗೋದಾಮಿನ ಮುಂದಿನ ಚರಂಡಿ ಸರಿಪಡಿಸಲು ಕೊಟ್ಟ ಹಣಕ್ಕೆ ಈ ತರ್ಕ ಅನ್ವಯಿಸಬಹುದು. ಊರಾಚೆಯ ಉದ್ಯಾನಕ್ಕೆ ಅನ್ವಯಿಸದು. ಒಂದೇ ಮೊತ್ತವನ್ನು ದೇಣಿಗೆಯೆಂದೂ ಖರ್ಚೆಂದೂ ಎರಡು ಕಡೆ ತೋರಿಸಬಾರದು.

ಜಿ.ಎಸ್.ಟಿ.ಯ ವಿಷಯವನ್ನು ತಯಾರಕರು ಬಹುಪಾಲು ಮರೆಯುತ್ತಾರೆ. ತಮ್ಮ ಕಾರ್ಖಾನೆಯ ಬೆಂಚುಗಳನ್ನು ಪಾಲಿಕೆಗೆ ಉಚಿತವಾಗಿ ಕೊಟ್ಟರೆ, ಕೇಂದ್ರ ಕಾಯ್ದೆಯ 17(5)(ಎಚ್) ಪ್ರಕಾರ ಆ ಸರಕಿಗೆ ಸಂಬಂಧಿಸಿದ ಹೂಡುವಳಿ ತೆರಿಗೆ ಜಮೆಯನ್ನು ಹಿಂದಿರುಗಿಸಬೇಕು. ಕಂಪನಿ ಕಾಯ್ದೆಯ 135ನೆಯ ಕಲಮಿನ ಸಾಮಾಜಿಕ ಹೊಣೆಗಾರಿಕೆ ವೆಚ್ಚವಾಗಿದ್ದರೂ 2023ರ ಅಕ್ಟೋಬರ್ 1ರಿಂದ ಜಮೆ ಸಿಗುವುದಿಲ್ಲ. ಆ ಕಲಂ ನಿವ್ವಳ ಲಾಭ 5 ಕೋಟಿ ಮುಟ್ಟಿದ ಕಂಪನಿಗಳಿಗೂ ಅನ್ವಯಿಸುವುದರಿಂದ ನಮ್ಮ ಕೆಲವು ಸದಸ್ಯರು ಅದರ ವ್ಯಾಪ್ತಿಯಲ್ಲಿದ್ದಾರೆ.

ಹೆಸರಿನ ಫಲಕದ ಬಗೆಗೂ ಹೇಳಬೇಕು. ಧರ್ಮಾರ್ಥ ಸಂಸ್ಥೆಗಳ ವಿಷಯದಲ್ಲಿ 2019ರ ಅಕ್ಟೋಬರ್ 11ರ 116ನೆಯ ಜಿ.ಎಸ್.ಟಿ. ಸುತ್ತೋಲೆ ಒಂದು ಗೆರೆ ಎಳೆದಿದೆ. ದಾನಿಯ ಹೆಸರನ್ನು ಕೃತಜ್ಞತೆಗಾಗಿ ಬರೆದರೆ ತೆರಿಗೆ ಇಲ್ಲ. ಅದು ದಾನಿಯ ವ್ಯವಹಾರದ ಜಾಹೀರಾತಾದರೆ ಅಲ್ಲಿ ಸೇವೆ ಮತ್ತು ಪ್ರತಿಫಲದ ಪ್ರಶ್ನೆ ಏಳುತ್ತದೆ. ಪಾಲಿಕೆಯ ಸ್ವತ್ತಿನ ಮೇಲಿನ ಫಲಕಕ್ಕೂ ಇದೇ ಅಳತೆಗೋಲನ್ನು ಹಿಡಿಯುವುದು ಕ್ಷೇಮ. "ತಂದೆಯವರ ಸ್ಮರಣಾರ್ಥ" ಎಂಬುದು ದಾನ. ಅಂಗಡಿಯ ಲಾಂಛನ, ದೂರವಾಣಿ ಸಂಖ್ಯೆ, ಹಬ್ಬದ ರಿಯಾಯಿತಿ ಇದ್ದರೆ ಅದು ಜಾಹೀರಾತು. ಜಾಹೀರಾತೇ ಬೇಕಾದಲ್ಲಿ ಪಾಲಿಕೆಗೆ ನಿಗದಿತ ಶುಲ್ಕ ಕಟ್ಟಿ ವ್ಯಾಪಾರದ ಖರ್ಚೆಂದು ಬರೆಯುವುದು ಸರಳ.

ಪರವಾನಗಿ ಅಥವಾ ಖಾತಾ ಕಡತ ಬಾಕಿ ಇರುವಾಗ ಅದೇ ಕಚೇರಿಯಿಂದ ದೇಣಿಗೆಯ ಸೂಚನೆ ಬಂದರೆ ಏನು ಮಾಡಬೇಕೆಂದು ಸದಸ್ಯರು ಕೇಳುವುದುಂಟು. ಸ್ವಇಚ್ಛೆಯಿಲ್ಲದ್ದು ದೇಣಿಗೆಯಲ್ಲ. ಶುಲ್ಕವಾದರೆ ಅದಕ್ಕೆ ಕಾನೂನಿನ ಆಧಾರ ಮತ್ತು ರಸೀದಿ ಎರಡೂ ಇರಬೇಕು. ಕಡತ ಇತ್ಯರ್ಥವಾಗುವವರೆಗೆ ಆ ಕಚೇರಿಗೆ ಏನನ್ನೂ ಕೊಡದಿರುವುದೇ ಒಳಿತು.

ಜಮೀನು ದಾನ ಮಾಡುವವರು 1882ರ ಸ್ವತ್ತು ವರ್ಗಾವಣೆ ಕಾಯ್ದೆಯನ್ನು ಗಮನಿಸಬೇಕು. ಸ್ಥಿರಾಸ್ತಿಯ ದಾನಕ್ಕೆ ಇಬ್ಬರು ಸಾಕ್ಷಿಗಳ ಸಹಿಯುಳ್ಳ ನೋಂದಾಯಿತ ದಾನಪತ್ರ ಅವಶ್ಯ (123ನೆಯ ಕಲಂ). ದಾನಿಯ ಜೀವಿತಾವಧಿಯಲ್ಲಿಯೇ ಪಾಲಿಕೆಯು ಅದನ್ನು ಸ್ವೀಕರಿಸಿರಬೇಕು. ಆಸ್ಪತ್ರೆಗೆಂದು ಕೊಟ್ಟ ಜಾಗದಲ್ಲಿ ವಾಣಿಜ್ಯ ಮಳಿಗೆ ಎದ್ದ ಮೇಲೆ ಮನಸ್ಸು ಬದಲಾಯಿತೆಂದು ಹಿಂಪಡೆಯಲು ಬರುವುದಿಲ್ಲ. ಉದ್ದೇಶ ಈಡೇರದಿದ್ದರೆ ದಾನ ರದ್ದಾಗುವುದೆಂಬ ಷರತ್ತನ್ನು 126ನೆಯ ಕಲಮಿಗೆ ಅನುಗುಣವಾಗಿ ದಾನಪತ್ರದಲ್ಲಿಯೇ ಬರೆಸಿ, ಅದಕ್ಕೆ ಪಾಲಿಕೆಯ ಒಪ್ಪಿಗೆಯನ್ನೂ ಪಡೆದಿರಬೇಕು. ಕರಡನ್ನು ಉಪನೋಂದಣಾಧಿಕಾರಿಗಳ ಕಚೇರಿಗೆ ಒಯ್ಯುವ ಮೊದಲು ವಕೀಲರಿಗೆ ತೋರಿಸಿರಿ.