ಹೊಲದಲ್ಲಿ ಸರದಾರ, ರಸ್ತೆಯಲ್ಲಿ ಅಪ್ರಾಪ್ತ

ಪ್ರಶ್ನೆ: ನಮ್ಮದು ಮುಧೋಳ ತಾಲ್ಲೂಕಿನ ಹಳ್ಳಿ. ಐದು ಎಕರೆ ಕಬ್ಬು ಇದೆ. ಯಜಮಾನರಿಗೆ ಬೆನ್ನಿನ ಆಪರೇಷನ್ ಆಗಿದೆ, ಆರು ತಿಂಗಳು ಟ್ರ್ಯಾಕ್ಟರ್ ಹತ್ತಬೇಡಿ ಎಂದಿದ್ದಾರೆ ಡಾಕ್ಟರು. ಮಗನಿಗೆ ಹದಿನಾರು ವರ್ಷ, ಪಿಯುಸಿ ಮೊದಲ ವರ್ಷ ಓದುತ್ತಿದ್ದಾನೆ. ಅವನು ಹೊಲದಲ್ಲಿ ಟ್ರ್ಯಾಕ್ಟರ್ ಹೊಡೆಯುವ ಚಂದ ನೋಡಿ ಊರವರೇ ತಲೆದೂಗುತ್ತಾರೆ. ಈಗ ಕಬ್ಬು ಕಡಿದಾಗಿದೆ. ಕುಳೆ ಕಬ್ಬಿನ ಕೆಲಸ, ಗೊಬ್ಬರ ಸಾಗಿಸುವುದು ಎಲ್ಲ ಬಾಕಿ. ಮನೆಯಿಂದ ಹೊಲಕ್ಕೆ ಡಾಂಬರು ರಸ್ತೆಯಲ್ಲಿ ಎರಡು ಕಿಲೋಮೀಟರ್ ಹೋಗಬೇಕು. ನಮ್ಮ ಮಾವನವರು, “ನಾ ಹನ್ನೆರಡು ವರ್ಷದಾಗ ಚಕ್ಕಡಿ ಹೊಡದಾಂವ. ಇಂವಗ ಟ್ರ್ಯಾಕ್ಟರ್ ಒಯ್ಯಾಕ ಏನಾಗೇತಿ?” ಎನ್ನುತ್ತಾರೆ. ಮಗ, “ಇಂಗ್ಲೆಂಡಿನ್ಯಾಗ ಹದಿನಾರಕ್ಕ ಬಿಡ್ತಾರ” ಎಂದು ಮೊಬೈಲ್ ತೋರಿಸುತ್ತಾನೆ. ನಾನು ಕೀಲಿಯನ್ನು ಜೋಳದ ಹಿಟ್ಟಿನ ಡಬ್ಬಿಯಲ್ಲಿ ಬಚ್ಚಿಟ್ಟಿದ್ದೇನೆ. ಹದಿನೈದು ದಿನದಿಂದ ಅವನು ನನ್ನ ಜೊತೆ ಮಾತು ಬಿಟ್ಟಿದ್ದಾನೆ. ನಾನು ಮಾಡಿದ್ದು ತಪ್ಪೇ?
– ಹೆಸರು ಬೇಡ

ಉತ್ತರ: ತಂಗೀ, ಕೀಲಿ ಅಲ್ಲೇ ಇರಲಿ. ನೀವು ಮಾಡಿದ್ದು ಸರಿ. ಆದರೆ ಬಚ್ಚಿಟ್ಟ ಕೀಲಿ ಜಗಳವನ್ನು ಮುಂದೂಡುತ್ತದೆ, ಮುಗಿಸುವುದಿಲ್ಲ. ಏಕೆ ಕೊಡುವುದಿಲ್ಲ ಎಂಬುದನ್ನು ಮನೆಯವರೆಲ್ಲರೂ ಕೂತು ಮಾತಾಡಬೇಕು. ಅದಕ್ಕೆ ಬೇಕಾದ ಮಾತುಗಳನ್ನು ಇಲ್ಲಿ ಕೊಡುತ್ತಿದ್ದೇನೆ.

ಮೊದಲು ಕಾನೂನು. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಸಾರ್ವಜನಿಕ ಸ್ಥಳದಲ್ಲಿ ಮೋಟಾರು ವಾಹನ ಓಡಿಸಲು ಹದಿನೆಂಟು ತುಂಬಿರಬೇಕು, ಲೈಸೆನ್ಸ್ ಇರಬೇಕು. ಹದಿನಾರಕ್ಕೆ ಸಿಗುವ ಲೈಸೆನ್ಸ್ ಒಂದಿದೆ, ಆದರೆ ಅದು 50 ಸಿಸಿ ಮೀರದ ಸಣ್ಣ ದ್ವಿಚಕ್ರ ವಾಹನಕ್ಕೆ ಮಾತ್ರ. ಟ್ರ್ಯಾಕ್ಟರ್‌ಗೆ ಅಂಥ ರಿಯಾಯಿತಿ ಇಲ್ಲ. ಕೃಷಿ ಕೆಲಸ ಎಂದಾಗಲಿ, ಎರಡೇ ಕಿಲೋಮೀಟರ್ ಎಂದಾಗಲಿ ವಿನಾಯಿತಿಯೂ ಇಲ್ಲ. ಸಾರ್ವಜನಿಕ ಸ್ಥಳ ಎಂದರೆ ಹೆದ್ದಾರಿಯೇ ಆಗಬೇಕಿಲ್ಲ. ಜನರಿಗೆ ಓಡಾಡುವ ಹಕ್ಕಿರುವ ಊರೊಳಗಿನ ಓಣಿ, ಹೊಲದ ಕಡೆ ಹೋಗುವ ಮಣ್ಣಿನ ದಾರಿಯೂ ಅದರಲ್ಲೇ ಬರುತ್ತವೆ. ನಿಮ್ಮ ಸ್ವಂತ ಹೊಲದ ಬದುವಿನೊಳಗೆ ಮಾತ್ರ ಈ ಲೈಸೆನ್ಸಿನ ಪ್ರಶ್ನೆ ಏಳುವುದಿಲ್ಲ. ಮಗನ ಗೊಂದಲಕ್ಕೆ ಮೂಲ ಇದೇ: ನಿನ್ನೆ ಬದುವಿನ ಈಚೆ ಶಹಬ್ಬಾಸ್ ಅನ್ನಿಸಿಕೊಂಡ ಕೆಲಸವೇ ಇವತ್ತು ಬದುವಿನ ಆಚೆ ಅಪರಾಧವಾಗುತ್ತದೆ.

ಇನ್ನು ಮಾವನವರು ಕೇಳಬೇಕಾದ ಮಾತು. 2019ರ ತಿದ್ದುಪಡಿಯಲ್ಲಿ ಕಾಯ್ದೆಗೆ 199ಎ ಎಂಬ ಕಲಂ ಸೇರಿತು. ಅಪ್ರಾಪ್ತರು ವಾಹನ ಓಡಿಸಿ ಅಪರಾಧವಾದರೆ ಪಾಲಕರು ಅಥವಾ ವಾಹನದ ಮಾಲೀಕರೇ ತಪ್ಪಿತಸ್ಥರು ಎನ್ನುತ್ತದೆ ಅದು. ಶಿಕ್ಷೆ ಮೂರು ವರ್ಷದವರೆಗೆ ಜೈಲು ಮತ್ತು 25,000 ರೂಪಾಯಿ ದಂಡ. ವಾಹನದ ನೋಂದಣಿ ಹನ್ನೆರಡು ತಿಂಗಳು ರದ್ದು. “ನನಗೆ ಗೊತ್ತೇ ಇರಲಿಲ್ಲ”, “ಬೇಡ ಅಂದಿದ್ದೆ, ಕೇಳಲಿಲ್ಲ” ಎಂದರೆ ಸಾಲದು, ಅದನ್ನು ಸಾಬೀತು ಮಾಡುವ ಹೊಣೆ ನಿಮ್ಮದು. ನೀವು ಒಪ್ಪಿಯೇ ಕೊಟ್ಟಿರಿ ಎಂಬ ಎಣಿಕೆಯಿಂದಲೇ ಕೋರ್ಟು ಶುರು ಮಾಡುತ್ತದೆ. ಆರ್‌ಸಿ ಯಾರ ಹೆಸರಿನಲ್ಲಿದೆ ಎಂದು ನೀವು ಬರೆದಿಲ್ಲ. ಮಾವನವರ ಹೆಸರಿನಲ್ಲಿದ್ದರೆ ಆ ಹಾಳೆಯನ್ನು ಅವರ ಕೈಗೆ ಕೊಟ್ಟು ಒಮ್ಮೆ ಓದಲು ಹೇಳಿ.

ಮಗ ಕೇಳಬೇಕಾದ ಮಾತು ಇನ್ನೂ ಕಠಿಣ. ಹೀಗೆ ಸಿಕ್ಕಿಬಿದ್ದ ಹುಡುಗನಿಗೆ ಇಪ್ಪತ್ತೈದು ವರ್ಷ ತುಂಬುವವರೆಗೆ ಲೈಸೆನ್ಸ್ ಇಲ್ಲ, ಕಲಿಕಾ ಲೈಸೆನ್ಸ್ ಕೂಡ ಇಲ್ಲ. ಎರಡು ವರ್ಷ ಕಾಯಲಾರದವನು ಒಂಬತ್ತು ವರ್ಷ ಕಾಯಬೇಕಾಗುತ್ತದೆ. ನಾಳೆ ಈ ಒಕ್ಕಲುತನ ನಡೆಸಬೇಕಾದವನು ಅವನೇ. ಟ್ರ್ಯಾಕ್ಟರ್ ಮೇಲಿನ ಪ್ರೀತಿಯಿಂದಲೇ ಟ್ರ್ಯಾಕ್ಟರ್ ಕಳೆದುಕೊಂಡ ಹಾಗಾದೀತು. ಇತ್ತ ನೋಂದಣಿ ರದ್ದಾದ ಗಾಡಿ ಒಂದು ವರ್ಷ ಶೆಡ್ಡಿನಲ್ಲಿ ನಿಲ್ಲುತ್ತದೆ. ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ.

ವಿಮೆ ಇದೆಯಲ್ಲ ಎನ್ನುವವರಿಗೂ ಒಂದು ಮಾತು. ಲೈಸೆನ್ಸ್ ಇಲ್ಲದವನು ಚಾಲಕನಾಗಿದ್ದರೆ ಕಂಪನಿ ತಕರಾರು ತೆಗೆಯುತ್ತದೆ. ಎಷ್ಟೋ ಪ್ರಕರಣಗಳಲ್ಲಿ ನ್ಯಾಯಾಲಯಗಳು ಸಂತ್ರಸ್ತರಿಗೆ ಮೊದಲು ನೀವು ಕೊಡಿ, ಆಮೇಲೆ ಮಾಲೀಕರಿಂದ ವಸೂಲು ಮಾಡಿಕೊಳ್ಳಿ ಎಂದು ಕಂಪನಿಗೆ ಹೇಳಿವೆ. ವಸೂಲಿ ಎಂದರೆ ಕೊನೆಗೆ ಆ ಐದು ಎಕರೆಯ ಮೇಲೇ ಕಣ್ಣು.

ಮಾವನವರ ಚಕ್ಕಡಿಯ ಮಾತನ್ನು ತಳ್ಳಿಹಾಕಬೇಡಿ, ಅದರಲ್ಲಿ ಅನುಭವವಿದೆ. ಆದರೆ ಚಕ್ಕಡಿಯಲ್ಲಿ ಹುಡುಗನೊಬ್ಬನೇ ಇರಲಿಲ್ಲ, ಎರಡು ಎತ್ತುಗಳೂ ಇದ್ದವು. ಹುಡುಗ ತೂಕಡಿಸಿದರೂ ಎತ್ತು ಕಾಲುವೆಗೆ ಇಳಿಯುತ್ತಿರಲಿಲ್ಲ, ಮನೆ ದಾರಿ ಅದಕ್ಕೆ ಗೊತ್ತಿತ್ತು. ಟ್ರ್ಯಾಕ್ಟರ್‌ಗೆ ಆ ಬುದ್ಧಿ ಇಲ್ಲ.

ಹೊಲದ ಕೈ ಬೇರೆ, ರಸ್ತೆಯ ಕೈ ಬೇರೆ ಎಂಬುದಕ್ಕೆ ಸಾಕ್ಷಿ ನಿಮ್ಮ ಟ್ರ್ಯಾಕ್ಟರ್‌ನಲ್ಲೇ ಇದೆ. ಬಲಗಾಲಿನ ಹತ್ತಿರ ನೋಡಿ, ಎರಡು ಬ್ರೇಕ್ ಪೆಡಲ್‌ಗಳಿರುತ್ತವೆ. ಒಂದು ಹಿಂದಿನ ಎಡ ಚಕ್ರಕ್ಕೆ, ಒಂದು ಹಿಂದಿನ ಬಲ ಚಕ್ರಕ್ಕೆ. ಸಾಲಿನ ಕೊನೆಯಲ್ಲಿ ಗಿರ್ರನೆ ತಿರುಗಿಸಲು ಒಂದನ್ನೇ ತುಳಿಯುತ್ತಾರೆ, ನಿಮ್ಮ ಮಗನಿಗೆ ಅದು ಕಾಲಿಗೇ ಅಂಟಿದ ರೂಢಿ. ರಸ್ತೆಗೆ ಇಳಿಯುವ ಮೊದಲು ಎರಡೂ ಪೆಡಲ್‌ಗಳನ್ನು ಕೊಂಡಿ ಹಾಕಿ ಜೋಡಿಸಬೇಕು. ಮರೆತು, ವೇಗದಲ್ಲಿರುವಾಗ ಎದುರಿಗೆ ಬೈಕ್ ಬಂತೆಂದು ರೂಢಿಯಂತೆ ಒಂದನ್ನೇ ತುಳಿದರೆ ಗಾಡಿ ಒಂದೇ ಕಡೆ ಎಳೆದು ಮಗುಚಬಹುದು. ಹಿಂದೆ ಗೊಬ್ಬರ ತುಂಬಿದ ಟ್ರೇಲರ್ ಇದ್ದರೆ, ಇಳಿಜಾರಿನಲ್ಲಿ ಅದು ಟ್ರ್ಯಾಕ್ಟರನ್ನೇ ಮುಂದೆ ತಳ್ಳುತ್ತದೆ. ಹೊಲದಲ್ಲಿ ತಪ್ಪಾದರೆ ಸಾಲು ಸೊಟ್ಟಗಾಗುತ್ತದೆ. ರಸ್ತೆಯಲ್ಲಿ ತಪ್ಪಾದರೆ ಇನ್ನೊಬ್ಬರ ಮನೆಯಲ್ಲಿ ಅಳು.

ಇಂಗ್ಲೆಂಡಿನ ಮಾತು ಸುಳ್ಳಲ್ಲ. ಆದರೆ ಮಗ ಅರ್ಧ ವಿಡಿಯೊ ನೋಡಿದ್ದಾನೆ. ಅಲ್ಲಿ ಹದಿನಾರಕ್ಕೆ ರಸ್ತೆಗೆ ಬಿಡುವುದು ಟ್ರ್ಯಾಕ್ಟರ್ ಪರೀಕ್ಷೆ ಪಾಸಾದವರನ್ನು, ಅದೂ ಅಗಲ 2.45 ಮೀಟರ್ ಮೀರದ ಗಾಡಿಗೆ. ಹದಿಮೂರು ತುಂಬದ ಮಕ್ಕಳು ಕೃಷಿ ಕೆಲಸದಲ್ಲಿರುವ ಟ್ರ್ಯಾಕ್ಟರ್ ಓಡಿಸುವುದಿರಲಿ, ಹತ್ತಿ ಕೂರುವುದನ್ನೂ ಅಲ್ಲಿನ ಕಾನೂನು ಒಪ್ಪುವುದಿಲ್ಲ. ಹದಿನಾರರ ಹುಡುಗನಿಗೆ ಪರೀಕ್ಷೆ ಇಲ್ಲದೆ ಅಲ್ಲೂ ರಸ್ತೆ ಇಲ್ಲ.

ಈಗ ಮಾಡಬೇಕಾದ್ದೇನು?

ಈ ಹಂಗಾಮಿಗೆ ರಸ್ತೆಯ ಕೆಲಸವನ್ನು ಲೈಸೆನ್ಸ್ ಇರುವವರಿಗೆ ಬಿಡಿ. ದಿನಗೂಲಿಗೆ ಡ್ರೈವರ್ ಸಿಕ್ಕರೆ ಸರಿ, ಇಲ್ಲವಾದರೆ ಮುಯ್ಯಿ ಇದೆಯಲ್ಲ. ಪಕ್ಕದ ಹೊಲದವರು ಬೆಳಿಗ್ಗೆ ನಿಮ್ಮ ಗಾಡಿ ತಂದು ನಿಲ್ಲಿಸಲಿ, ಸಂಜೆ ಒಯ್ಯಲಿ. ನಡುವೆ ಹೊಲದ ಕೆಲಸ ಮಗ ಮಾಡಲಿ. ಅವರಿಗೆ ಪ್ರತಿಯಾಗಿ ನೀವು ಆಳು ಕೊಡಿ.

ಹೊಲದೊಳಗೂ ಕೆಲವು ಕಟ್ಟಳೆ ಇರಲಿ. ಮಡ್‌ಗಾರ್ಡ್ ಮೇಲೆ ತಮ್ಮ, ಗೆಳೆಯ ಯಾರೂ ಕೂರಬಾರದು, ಅದು ಆಸನವಲ್ಲ. ರೋಟಾವೇಟರ್‌ಗೆ ಸಿಕ್ಕ ಕಸ ತೆಗೆಯುವ ಮೊದಲು ಇಂಜಿನ್ ಬಂದ್ ಆಗಬೇಕು. ಪಿಟಿಒ ಶಾಫ್ಟ್ ತಿರುಗುವಾಗ ಲುಂಗಿ, ಟವೆಲ್ ಅದರ ಹತ್ತಿರ ಸುಳಿಯಬಾರದು. ಹಿರಿಯರೊಬ್ಬರು ಕಣ್ಣಳತೆಯಲ್ಲಿರಲಿ, ಕೆಲಸ ಕಾಲೇಜಿನ ಹೊತ್ತಿಗೆ ಅಡ್ಡ ಬಾರದಿರಲಿ.

ಮಗನಿಗೆ ಹದಿನೆಂಟು ತುಂಬಿದ ಮೇಲೆ ದಾರಿ ಸುಲಭ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯೇ ವಯಸ್ಸಿನ ದಾಖಲೆ. ಕಲಿಕಾ ಲೈಸೆನ್ಸ್‌ಗೆ ಸಾರಥಿ ಜಾಲತಾಣದಲ್ಲಿ ಅರ್ಜಿ ಹಾಕಬಹುದು. ಅದರ ಅವಧಿ ಆರು ತಿಂಗಳು, ಮೂವತ್ತು ದಿನ ಕಳೆದ ಮೇಲೆ ಆರ್‌ಟಿಒ ಕಚೇರಿಯಲ್ಲಿ ಓಡಿಸಿ ತೋರಿಸಬೇಕು. ಲಘು ಮೋಟಾರು ವಾಹನದ ಲೈಸೆನ್ಸ್ ಪಡೆದರೆ ಸಾಕು: ಖಾಲಿ ತೂಕ 7,500 ಕಿಲೋ ಮೀರದ ಟ್ರ್ಯಾಕ್ಟರ್‌ಗಳನ್ನು ಕಾಯ್ದೆಯೇ ಆ ವರ್ಗಕ್ಕೆ ಸೇರಿಸಿದೆ, ನಮ್ಮ ರೈತರ ಗಾಡಿಗಳೆಲ್ಲ ಅದಕ್ಕಿಂತ ಬಹಳ ಹಗುರ. ಟ್ರೇಲರ್ ಕಟ್ಟಿದ ಮಾತ್ರಕ್ಕೆ ಟ್ರ್ಯಾಕ್ಟರ್ ಲೈಸೆನ್ಸ್ ಅಸಿಂಧುವಾಗದು ಎಂದು ಸುಪ್ರೀಂ ಕೋರ್ಟ್ 2001ರಲ್ಲೇ ಹೇಳಿದೆ. ಕಲಿಯುವವನ ಪಕ್ಕದಲ್ಲಿ ಲೈಸೆನ್ಸ್ ಇರುವವರು ಕೂತು, ಬೇಕಾದಾಗ ಗಾಡಿ ನಿಲ್ಲಿಸುವಂತಿರಬೇಕು ಎಂಬುದು ನಿಯಮ. ಒಂದೇ ಸೀಟಿನ ಟ್ರ್ಯಾಕ್ಟರ್‌ನಲ್ಲಿ ಅದು ಕಷ್ಟ, ಆದ್ದರಿಂದ ರಸ್ತೆಯ ಪಾಠ ಡ್ರೈವಿಂಗ್ ಶಾಲೆಯ ಕಾರಿನಲ್ಲೇ ಆಗಲಿ.

ಕೊನೆಯದಾಗಿ ನಿಮಗೇ ಒಂದು ಮಾತು, ತಂಗೀ. ಮನೆಯಲ್ಲಿ ಹದಿನೆಂಟು ದಾಟಿದವರು ನೀವೊಬ್ಬರು ಇದ್ದೀರಿ ಎಂಬುದು ಯಾರಿಗೂ ಹೊಳೆದಂತಿಲ್ಲ. ಲೈಸೆನ್ಸ್ ನೀವೇ ಏಕೆ ಮಾಡಿಸಬಾರದು? ಕ್ಲಚ್ಚು, ಗೇರು, ಸಾಲು ಹಿಡಿಯುವುದನ್ನು ನಿಮ್ಮ ಹೊಲದಲ್ಲೇ ಮಗ ಹೇಳಿಕೊಡಲಿ. ಹದಿನೈದು ದಿನದ ಮೌನ ಮುರಿಯಲು ಅವನನ್ನು ಗುರು ಮಾಡಿಕೊಳ್ಳುವುದಕ್ಕಿಂತ ಒಳ್ಳೆಯ ದಾರಿ ನನಗೆ ಕಾಣುತ್ತಿಲ್ಲ. ರಸ್ತೆಯದನ್ನು ಡ್ರೈವಿಂಗ್ ಶಾಲೆಯಲ್ಲಿ ಕಲಿಯಿರಿ. ಈ ವಾರವೇ ಅರ್ಜಿ ಹಾಕಿ. ಮುಂದಿನ ಕಟಾವಿನ ಹೊತ್ತಿಗೆ ಆ ಎರಡು ಕಿಲೋಮೀಟರ್ ನೀವೇ ಓಡಿಸಬಹುದು.