ಬರೆದದ್ದನ್ನು ಓದುವವರು ಯಾರು? — ಸ್ವತಂತ್ರ ಲೇಖನದ ಬೋಧನೆಯಲ್ಲಿ ಓದುಗನ ಸ್ಥಾನ

ಸ್ವತಂತ್ರ ಲೇಖನವನ್ನು ಬೋಧಿಸುವಾಗ ನಾವು ವಿಷಯದ ಆಯ್ಕೆ, ವಾಕ್ಯರಚನೆ, ಶುದ್ಧಬರಹ, ಅಂದವಾದ ಅಕ್ಷರ ಇವುಗಳ ವಿಷಯವಾಗಿ ಸಾಕಷ್ಟು ಯೋಚಿಸುತ್ತೇವೆ. ಬರೆದದ್ದನ್ನು ಓದುವವರು ಯಾರು ಎಂಬ ಪ್ರಶ್ನೆಯನ್ನು ಮಾತ್ರ ಕೇಳಿಕೊಳ್ಳುವುದು ಅಪರೂಪ. ಉತ್ತರವು ಸ್ಪಷ್ಟವೆಂದೇ ನಮ್ಮ ಭಾವನೆ: ಗುರುಗಳು ಓದುತ್ತಾರೆ, ಆ ಬಳಿಕ ಪರೀಕ್ಷಕರು ಓದುತ್ತಾರೆ. ಈ ಉತ್ತರವು ಸಾಲದೆಂಬುದನ್ನು ನಾನು ವೃತ್ತಿಯ ಎರಡನೆಯ ವರ್ಷದಲ್ಲಿ, ಒಬ್ಬ ವಿದ್ಯಾರ್ಥಿನಿಯ ಮನಸ್ಸನ್ನು ನೋಯಿಸಿದ ಮೇಲೆ, ಕಲಿತೆನು.

ಆರನೆಯ ಇಯತ್ತೆಯ ಆ ಹುಡುಗಿ ‘ನಮ್ಮ ಮನೆ’ ಎಂಬ ವಿಷಯದ ಮೇಲೆ ಒಂದೂವರೆ ಪುಟ ಬರೆದಿದ್ದಳು. ಹೊಲದಲ್ಲಿ ಬಾವಿ ತೋಡಿಸುತ್ತಿರುವುದು, 40 ಅಡಿ ಇಳಿದರೂ ನೀರಿನ ಪಸೆ ಕಾಣದಿರುವುದು, ತಂದೆಯವರು ರಾತ್ರಿ ಉಣ್ಣದೆ ಮಲಗುವುದು ಎಲ್ಲವೂ ಅದರಲ್ಲಿತ್ತು. ನಾನು ಕೆಂಪು ಮಸಿಯಿಂದ 11 ಒತ್ತಕ್ಷರದ ತಪ್ಪುಗಳನ್ನು ಗುರುತಿಸಿ, ಕೆಳಗೆ ‘ಸಾಧಾರಣ, ಅಕ್ಷರ ಸುಧಾರಿಸಬೇಕು’ ಎಂದು ಬರೆದು ಸಹಿ ಮಾಡಿದೆ. ಮರುತಿಂಗಳಿನಿಂದ ಆಕೆ ಮಾರ್ಗದರ್ಶಿ ಪುಸ್ತಕದ ನಿಬಂಧಗಳನ್ನು ಇಳಿಸಿಕೊಂಡು ಬರತೊಡಗಿದಳು. ತಪ್ಪುಗಳು ಕಡಿಮೆಯಾದವು, ನಾನು ‘ಉತ್ತಮ’ ಎಂದು ಬರೆದೆ. ವರ್ಷಾಂತ್ಯದಲ್ಲಿ ಆಕೆಯ ತಂದೆ ಸಂತೆಯಲ್ಲಿ ಭೆಟ್ಟಿಯಾದರು. ಮಾತಿನ ನಡುವೆ, “ಬಂಡಿ ಹತ್ತಿತು ಗುರುಗಳ, ಬಾವಿ ತೋಡೂದು ಬಿಟ್ಟಿವಿ. ಎಲ್ಲಾ ನಿಮಗ ಬರದು ತಿಳಿಸೇನಿ ಅಂದಿದ್ದಳು ಹುಡುಗಿ. ಗುರುಗಳು ನೀರು ಬಿತ್ತೇನು ಅಂತ ಕೇಳಲೇ ಇಲ್ಲ ಅಂತಾಳ” ಎಂದರು.

ಅವರ ಮಾತಿನಲ್ಲಿ ಆಕ್ಷೇಪವೇನೂ ಇರಲಿಲ್ಲ. ಆದರೂ ಅಂದು ಕಾಯಿಪಲ್ಯೆಯ ಚೀಲವನ್ನು ಅಂಗಡಿಯಲ್ಲಿಯೇ ಮರೆತು ನಾನು ಮನೆಗೆ ಬಂದೆ. ಆ ಹುಡುಗಿಯ ಪ್ರಬಂಧವನ್ನು ನಾನು ಮೊದಲಿನಿಂದ ಕೊನೆಯವರೆಗೆ ತಿದ್ದಿದ್ದೆ, ಓದಿರಲಿಲ್ಲ. ತಾನು ಕಂಡದ್ದನ್ನು ಮೊದಲ ಸಲ ಕಾಗದದ ಮೇಲೆ ಇಟ್ಟವರೆಲ್ಲರಿಗೂ ಬರುವ ಸಂಕಟವಿದು. ಹೊಸ ಲೇಖಕನು ಐವತ್ತು ವರ್ಷದವನಿರಲಿ, ಹನ್ನೊಂದು ವರ್ಷದ ಬಾಲಕಿಯಿರಲಿ, ಟೀಕೆಯನ್ನು ಹೇಗೋ ತಾಳಿಕೊಳ್ಳಬಲ್ಲನು. ತನ್ನ ಬರಹದ ಮೇಲೆ ಯಾರ ದೃಷ್ಟಿಯೂ ನಿಲ್ಲಲಿಲ್ಲವೆಂಬುದನ್ನು ತಾಳುವುದು ಕಷ್ಟ. ದೊಡ್ಡವರು ಅಂಥ ಸಂದರ್ಭದಲ್ಲಿ ಲೇಖನಿಯನ್ನು ಕೆಳಗಿಡುತ್ತಾರೆ. ಮಕ್ಕಳಿಗೆ ಆ ಸ್ವಾತಂತ್ರ್ಯವಿಲ್ಲವಾದ್ದರಿಂದ ನಕಲು ಮಾಡುತ್ತಾರೆ.

ನಮ್ಮ ಭಾಗದ ಶಾಲೆಗಳಲ್ಲಿ ಈ ಸಮಸ್ಯೆಗೆ ಇನ್ನೊಂದು ಮುಖವೂ ಉಂಟು. ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರ, ಜತ್ತ ತಾಲೂಕುಗಳ ಮಗು ಮನೆಯಲ್ಲಿ ಕನ್ನಡ ಆಡುತ್ತದೆ. ಆದರೆ ಅಂಗಡಿಯ ಫಲಕ, ಬಸ್ಸಿನ ನೆತ್ತಿಯ ಮೇಲಿನ ಊರ ಹೆಸರು, ಪಡಿತರ ಚೀಟಿ, ಸಾತಬಾರಾ ಉತಾರೆ ಇವೆಲ್ಲ ಮರಾಠಿಯಲ್ಲಿ. ಮರಾಠಿಯನ್ನು ಚೆನ್ನಾಗಿ ಕಲಿಯಲೇಬೇಕು. ಅದರಲ್ಲಿ ಎರಡು ಮಾತಿಲ್ಲ. ಆದರೆ ಕನ್ನಡದಲ್ಲಿ ಬರೆದ ಅಕ್ಷರವು ಶಾಲೆಯ ಆವರಣದ ಆಚೆಗೆ ಏನಾದರೊಂದು ಕೆಲಸ ಮಾಡುವುದನ್ನು ಮಗು ಕಾಣದೆ ಹೋದರೆ, ಕನ್ನಡವು ಮಾತಿಗಷ್ಟೇ ಸಾಕು ಎಂಬ ನಿರ್ಣಯಕ್ಕೆ ಅದು ತಾನಾಗಿ ಬರುತ್ತದೆ. ಪಾಲಕರು ಮಗುವನ್ನು ಬೇರೆ ಮಾಧ್ಯಮಕ್ಕೆ ಸೇರಿಸುವುದಕ್ಕೆ ಎಷ್ಟೋ ಮುಂಚೆ ಮಗುವಿನ ಮನಸ್ಸಿನಲ್ಲಿ ಆ ವರ್ಗಾವಣೆ ನಡೆದುಹೋಗಿರುತ್ತದೆ.

ಓದುಗರನ್ನು ಅರಸಿ ಹೊರಟ ಶಿಕ್ಷಕ

ಓದುಗರೇ ಇಲ್ಲದ ಭಾಷೆಯಲ್ಲಿ ಬರೆಯುವ ಸ್ಥಿತಿ ಹಿಂದೊಮ್ಮೆ ಧಾರವಾಡ ಪ್ರಾಂತಕ್ಕೂ ಒದಗಿತ್ತು. ಮುಂಬಯಿ ಇಲಾಖೆಗೆ ಸೇರಿದ್ದ ಆ ಭಾಗದಲ್ಲಿ ಹತ್ತೊಂಬತ್ತನೆಯ ಶತಮಾನದ ವಿದ್ಯಾವಂತರು ಮರಾಠಿ ಪುಸ್ತಕಗಳನ್ನು ಓದುತ್ತಿದ್ದರು, ಮರಾಠಿಯಲ್ಲಿ ಪತ್ರವ್ಯವಹಾರ ನಡೆಸುತ್ತಿದ್ದರು. 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವು ಸ್ಥಾಪಿತವಾದುದು ಇಂಥ ಹಿನ್ನೆಲೆಯಲ್ಲಿ.

ಆ ಕಾಲದಲ್ಲಿ ಬರೆಯಲು ತೊಡಗಿದವರು ವೆಂಕಟೇಶ ತಿರಕೋ ಕುಲಕರ್ಣಿ. ಇಂದಿನ ಹಾವೇರಿ ಜಿಲ್ಲೆಯ ಗಳಗನಾಥ ಗ್ರಾಮದವರಾದ ಇವರು (1869–1942) ಊರಿನ ಹೆಸರಿನಿಂದಲೇ ಪ್ರಸಿದ್ಧರಾದರು. ವೃತ್ತಿಯಿಂದ ಇವರು ನಮ್ಮಂತೆಯೇ ಶಾಲಾಶಿಕ್ಷಕರು. ಮರಾಠಿಯ ಹರಿ ನಾರಾಯಣ ಆಪಟೆಯವರ ಕಾದಂಬರಿಗಳನ್ನು ಕನ್ನಡಕ್ಕೆ ತಂದರು. ವಿಜಯನಗರದ ಸ್ಥಾಪನೆಯನ್ನು ಕುರಿತ ‘ಮಾಧವ ಕರುಣಾವಿಲಾಸ’ದಂಥ ಸ್ವತಂತ್ರ ಕೃತಿಗಳನ್ನೂ ರಚಿಸಿದರು. ಆದರೆ ಶಿಕ್ಷಕರಾದ ನಾವು ಅವರಿಂದ ಕಲಿಯಬೇಕಾದುದು ಕಾದಂಬರಿಯ ಕಲೆಯನ್ನಲ್ಲವೆಂದು ನನ್ನ ಅಭಿಪ್ರಾಯ. ಅವರ ವರ್ಣನೆಗಳು ದೀರ್ಘ, ಉಪದೇಶವೂ ಧಾರಾಳ; ಇಂದಿನ ಏಳನೆಯ ಇಯತ್ತೆಯ ಬಾಲಕನಿಗೆ ಅವನ್ನು ಕೊಟ್ಟರೆ ಮೂರನೆಯ ಪುಟದಲ್ಲಿ ನಿದ್ದೆಹೋಗುವನು. ಕಲಿಯಬೇಕಾದುದು ಬರೆದ ಬಳಿಕ ಅವರು ಮಾಡಿದ ಕೆಲಸವನ್ನು.

1907ರಲ್ಲಿ ಹಾವೇರಿಯ ಸಮೀಪದ ಅಗಡಿಯಿಂದ ‘ಸದ್ಬೋಧ ಚಂದ್ರಿಕೆ’ ಎಂಬ ಮಾಸಪತ್ರಿಕೆ ಹೊರಟಿತು. ಗಳಗನಾಥರು ಅದರ ಮೂಲಕ ತಿಂಗಳು ತಿಂಗಳೂ ಮನೆಗಳನ್ನು ತಲುಪಿದರು. ಪುಸ್ತಕಗಳ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಮಾರಾಟದಿಂದ ಅವರೇನೂ ಶ್ರೀಮಂತರಾಗಲಿಲ್ಲ. ಆದರೆ ಕನ್ನಡದಲ್ಲಿ ಕಥೆಯೊಂದು ಸಿಕ್ಕೀತೆಂಬ ನಿರೀಕ್ಷೆಯನ್ನೇ ಇಟ್ಟುಕೊಂಡಿರದ ಮನೆಯ ಹೊಸ್ತಿಲಿಗೆ ಕನ್ನಡದ ಪುಸ್ತಕ ಬಂದು ನಿಂತಿತು. ಒಬ್ಬನು ಓದಿದನೆಂದರೆ ಪಡಸಾಲೆಯಲ್ಲಿ ನಾಲ್ವರು ಕೇಳುತ್ತಿದ್ದ ಕಾಲ ಅದು. ಓದುಗರಿಲ್ಲವೆಂದು ಕೊರಗುತ್ತ ಗಳಗನಾಥರು ಶಾಲೆಯ ಕೋಣೆಯಲ್ಲಿಯೇ ಕುಳಿತಿದ್ದರೆ ಅವರ ಹಸ್ತಪ್ರತಿಗಳು ಗೆದ್ದಲಿಗೆ ಆಹಾರವಾಗುತ್ತಿದ್ದವು.

ಇನ್ನೊಬ್ಬ ಶಿಕ್ಷಕರ ಉದಾಹರಣೆಯನ್ನು ನಮ್ಮ ಮಕ್ಕಳಿಗೆ ಹೇಳುವುದು ಸುಲಭ, ಏಕೆಂದರೆ ಅವರ ಹೆಸರನ್ನು ಅವರು ಮರಾಠಿ ತಾಸಿನಲ್ಲಿ ಕೇಳಿರುತ್ತಾರೆ. ಸಾನೆ ಗುರೂಜಿಯವರು ಅಮಳನೇರದ ಪ್ರತಾಪ ಹೈಸ್ಕೂಲಿನಲ್ಲಿ ಶಿಕ್ಷಕರಾಗಿದ್ದಾಗ ವಿದ್ಯಾರ್ಥಿನಿಲಯದ ಹುಡುಗರಿಗಾಗಿ ಕೈಬರಹದ ದಿನಪತ್ರಿಕೆಯೊಂದನ್ನು ನಡೆಸುತ್ತಿದ್ದರು. ಅದರ ಓದುಗರೆಂದರೆ ಆ ನಿಲಯದ ಹುಡುಗರಷ್ಟೆ. ಮುಂದೆ 1933ರಲ್ಲಿ ನಾಸಿಕದ ಸೆರೆಮನೆಯಲ್ಲಿ ಬರೆದ ‘ಶ್ಯಾಮಚೀ ಆಯೀ’ ಎಂಬ ಪುಸ್ತಕವು, ಶ್ಯಾಮನು ಆಶ್ರಮದ ಗೆಳೆಯರ ಮುಂದೆ 42 ರಾತ್ರಿಗಳಲ್ಲಿ ಹೇಳಿದ ಕಥನದ ರೂಪದಲ್ಲಿಯೇ ಇದೆ. ಕೇಳುವವರ ಮುಖವನ್ನು ಕಣ್ಣೆದುರಿಗೆ ಇಟ್ಟುಕೊಂಡು ಬರೆಯುವ ಅಭ್ಯಾಸ ಅವರಿಗೆ ಅಮಳನೇರದಲ್ಲಿಯೇ ಬಲಿತಿರಬೇಕೆಂದು ನನಗೆ ತೋರುತ್ತದೆ.

ವರ್ಗದಲ್ಲಿ ಮಾಡಬಹುದಾದುದು

ಕೈಬರಹ ಪತ್ರಿಕೆಯು ನಮ್ಮ ಶಾಲೆಗಳಿಗೆ ಹೊಸದಲ್ಲ. ಆದರೆ ಅದು ನಡೆಯುವ ರೀತಿಯನ್ನು ಪರಿಶೀಲಿಸಬೇಕು. ತರಬೇತಿಯ ನಿಮಿತ್ತ ಭೆಟ್ಟಿ ಕೊಟ್ಟ ಶಾಲೆಯೊಂದರಲ್ಲಿ ಮುಖ್ಯಾಧ್ಯಾಪಕರು ಕಪಾಟಿನ ಬೀಗ ತೆಗೆದು ರಟ್ಟು ಕಟ್ಟಿದ ವಾರ್ಷಿಕ ಸಂಚಿಕೆಯನ್ನು ನನ್ನ ಕೈಗಿತ್ತರು. ಚಿತ್ರಗಳು ಸೊಗಸಾಗಿದ್ದವು, ಅಕ್ಷರಗಳು ಮುತ್ತಿನಂತಿದ್ದವು, ಪುಟಗಳ ಮೇಲೆ ಒಂದು ಬೆರಳಿನ ಗುರುತೂ ಇರಲಿಲ್ಲ. ಅದರಲ್ಲಿ ಬರೆದ ಮಕ್ಕಳೇ ಅದನ್ನು ಓದಿರಲಿಲ್ಲವೆಂದು ಆ ಮೇಲೆ ತಿಳಿಯಿತು. ವಾರಕ್ಕೊಂದು ಹಾಳೆಯಾದರೂ ಸಾಕು. ಅದು ಮಗುವಿನ ಕಣ್ಣಿನ ಎತ್ತರಕ್ಕೆ ಗೋಡೆಯ ಮೇಲಿರಬೇಕು, ಮುಟ್ಟಿ ಮುಟ್ಟಿ ಹರಿಯಬೇಕು. ಹಾಳೆಯ ಬಲಬದಿಗೆ ನಾಲ್ಕು ಬೆರಳು ಅಂಚು ಬಿಡಿಸಿರಿ. ಓದಿದ ಮಗು ಅಲ್ಲಿ ಒಂದು ಪ್ರಶ್ನೆಯನ್ನು ಬರೆಯಲಿ. ‘ಚೆನ್ನಾಗಿದೆ’ ಎಂಬ ಪದಕ್ಕೆ ಅಲ್ಲಿ ಎಡೆಗೊಡಬೇಡಿರಿ. ಓದದೆಯೂ ಅದನ್ನು ಬರೆಯಬಹುದು. ಪ್ರಶ್ನೆಯನ್ನು ಓದದೆ ಬರೆಯಲಾಗದು.

ವಿಷಯವನ್ನು ಕೊಡುವಾಗಲೇ ಓದುಗನನ್ನೂ ಕೊಡುವುದು ಇನ್ನೊಂದು ಕ್ರಮ. ‘ನಮ್ಮ ಊರ ಜಾತ್ರೆ’ ಎಂದಷ್ಟೇ ಹೇಳಿದರೆ ಮಗು ಜಾತ್ರೆಯೆಂದರೇನು ಎಂಬ ವ್ಯಾಖ್ಯೆಯಿಂದ ಆರಂಭಿಸುತ್ತದೆ. ‘ಪುಣೆಯಲ್ಲಿ ದುಡಿಯುತ್ತಿರುವ, ಈ ಸಲ ಜಾತ್ರೆಗೆ ಬರಲಾಗದ ನಿನ್ನ ಮಾವನಿಗೆ ಬರೆ’ ಎಂದರೆ ವ್ಯಾಖ್ಯೆ ಬಿದ್ದುಹೋಗುತ್ತದೆ. ತೇರಿನ ಮಿಣಿ ಹರಿದುದು, ಮಾವನ ಗೆಳೆಯ ಸಿಕ್ಕಿದುದು ಮೊದಲ ಸಾಲಿಗೇ ಬರುತ್ತವೆ. ಬರೆದುದನ್ನು ನಿಜವಾಗಿಯೂ ಮಾವನಿಗೆ ಕಳಿಸಬೇಕು. ಕಳಿಸದೆ ಹೋದರೆ ಇದೂ ಪರೀಕ್ಷೆಯ ಪತ್ರಲೇಖನವೇ ಆಗುವುದು.

ಇಲ್ಲಿ ಒಂದು ತೊಡಕನ್ನು ಕೆಲವು ಶಿಕ್ಷಕಮಿತ್ರರು ಹೇಳುತ್ತಾರೆ: ಮನೆಯಲ್ಲಿ ಕನ್ನಡ ಆಡುವವರಿದ್ದಾರೆ, ಓದುವವರಿಲ್ಲ. ತಂದೆತಾಯಿಗಳು ಮರಾಠಿ ಶಾಲೆಯಲ್ಲಿ ಕಲಿತವರು, ಅಜ್ಜಿಗೆ ಅಕ್ಷರವೇ ಬಾರದು. ತೊಡಕು ನಿಜ. ಆದರೆ ಓದಲಾರದವರು ಕೇಳಬಲ್ಲರು. ಅಜ್ಜಿಯನ್ನು ಕುರಿತು ಬರೆದುದನ್ನು ಅಜ್ಜಿಯ ಮುಂದೆ ಗಟ್ಟಿಯಾಗಿ ಓದಿ, ಆಕೆ ತಿದ್ದಿದ ಸಂಗತಿಗಳನ್ನು ಮರುದಿನ ಸೇರಿಸಿಕೊಂಡು ಬರಲು ಹೇಳಿರಿ. ಅಕ್ಷರದ ತಪ್ಪನ್ನು ನಾವು ತಿದ್ದಬಲ್ಲೆವು. ಸಂಗತಿಯ ತಪ್ಪನ್ನು ಆಕೆಯೇ ತಿದ್ದಬೇಕು. ತಾಯಿಗೆ ಓದಿ ಹೇಳುವ ಮಗನಿಂದ ತಾಯಿಯೂ ನಾಲ್ಕು ಅಕ್ಷರ ಹಿಡಿದುದನ್ನು ನಾನು ಒಂದೆರಡು ಮನೆಗಳಲ್ಲಿ ಕಂಡಿದ್ದೇನೆ. ಎಲ್ಲೆಡೆ ಹಾಗಾಗುತ್ತದೆಂದು ಹೇಳಲಾರೆ.

ದೂರದ ಓದುಗರು

ಹತ್ತಿರದ ಓದುಗರಿಗೆ ಬರೆದು ರೂಢಿಯಾದ ಮೇಲೆ ದೂರದವರಿಗೆ ಬರೆಯಿಸಬೇಕು. ಕೆಲವು ವರ್ಷಗಳ ಹಿಂದೆ ಅಕ್ಕಲಕೋಟ ತಾಲೂಕಿನ ಒಂದು ಶಾಲೆಯ ಐದನೆಯ ಇಯತ್ತೆಗೂ ಕೇರಳದ ಕಾಸರಗೋಡು ಜಿಲ್ಲೆಯ ಒಂದು ಕನ್ನಡ ಶಾಲೆಗೂ ನಡುವೆ ನಾವು 50 ಪೈಸೆಯ ಅಂಚೆ ಕಾರ್ಡುಗಳ ವಿನಿಮಯವನ್ನು ಏರ್ಪಡಿಸಿದೆವು. ಅವರೂ ನಮ್ಮಂತೆಯೇ ಬೇರೊಂದು ರಾಜ್ಯಭಾಷೆಯ ನಡುವೆ ಕನ್ನಡ ಕಲಿಯುವವರು. ಕವಿ ಕಯ್ಯಾರ ಕಿಞ್ಞಣ್ಣ ರೈಯವರ (1915–2015) ನಾಡದು. ಅವರೂ ಶಿಕ್ಷಕರಾಗಿದ್ದವರೇ, ಹನ್ನೆರಡು ವರ್ಷದ ಬಾಲಕರಾಗಿದ್ದಾಗ ‘ಸುಶೀಲಾ’ ಎಂಬ ಕೈಬರಹದ ಪತ್ರಿಕೆಯನ್ನು ಹೊರಡಿಸಿದ್ದರು. ಈ ಸಂಗತಿಯನ್ನು ಹೇಳಿದಾಗ ನಮ್ಮ ಮಕ್ಕಳು ಮೊದಲು ತಮ್ಮ ತಮ್ಮ ವಯಸ್ಸನ್ನು ಎಣಿಸಿಕೊಂಡರು.

ನಮ್ಮ ಹುಡುಗಿಯೊಬ್ಬಳು ‘ರವಿವಾರ ಸೂಟಿಯಲ್ಲಿ ಹೊಲಕ್ಕೆ ಹೋಗಿ ಹುರಡಾ ತಿಂದೆವು’ ಎಂದು ಬರೆದಳು. ಉತ್ತರದಲ್ಲಿ ಎರಡು ಪ್ರಶ್ನೆಗಳು ಬಂದವು: ಸೂಟಿ ಎಂದರೇನು, ಹುರಡಾ ಎಂದರೇನು? ಸೂಟಿಗೆ ರಜೆ ಎಂಬ ಪದವಿರುವುದನ್ನು ಆಕೆ ಬಲ್ಲಳು, ಬಳಸಿರಲಿಲ್ಲ. ಹುರಡಾಕ್ಕೆ ನಮ್ಮಲ್ಲಿ ಏನನ್ನುತ್ತಾರೆಂದು ಅಜ್ಜಿಯನ್ನು ಕೇಳಿದಳು. “ಸೀತನಿ ಅನ್ನಲಾರದ ಮತ್ತೇನು!” ಎಂದು ಅಜ್ಜಿ ಗದರಿದಳಂತೆ. ಎಳೆಯ ಜೋಳದ ತೆನೆಯನ್ನು ಬೆಂಕಿಯಲ್ಲಿ ಸುಟ್ಟು, ತಿಕ್ಕಿ, ಬಿಸಿಯಾಗಿ ತಿನ್ನುವುದನ್ನು ವಿವರಿಸಲು ಆಕೆಗೆ ಒಂದು ಕಾರ್ಡು ಸಾಲದೆ ಎರಡು ಬೇಕಾದವು. ಅತ್ತಣಿಂದ ಬಂದ ಕಾರ್ಡೊಂದರಲ್ಲಿ ‘ಮಳೆಗೆ ತೋಡು ತುಂಬಿ ಶಾಲೆಗೆ ಹೋಗಲಾಗಲಿಲ್ಲ’ ಎಂದಿತ್ತು. ನಮ್ಮ ಮಕ್ಕಳಿಗೆ ತೋಡುವುದೆಂದರೆ ಅಗೆಯುವುದು. ಅಗೆಯುವುದು ತುಂಬುವುದೆಂತು ಎಂದು ವರ್ಗವೆಲ್ಲ ನಕ್ಕಿತು. ಅಲ್ಲಿ ತೋಡೆಂದರೆ ಚಿಕ್ಕ ಹೊಳೆ ಎಂದು ತಿಳಿದಾಗ ನಗೆ ನಿಂತು, ನಮ್ಮ ಹಳ್ಳಕ್ಕೆ ಅವರು ಏನೆಂದುಕೊಂಡಾರು ಎಂಬ ಚರ್ಚೆ ಹತ್ತಿತು. ಶಿಷ್ಟಭಾಷೆಯ ಅವಶ್ಯಕತೆಯನ್ನು ನಾನು ಅದುವರೆಗೆ ಎಷ್ಟು ಉಪನ್ಯಾಸಗಳಲ್ಲಿ ಹೇಳಿದ್ದರೂ ಅಷ್ಟು ಸ್ಪಷ್ಟವಾಗಿ ಹೇಳಲಾಗಿರಲಿಲ್ಲ.

ಇಂಥ ವಿನಿಮಯದಲ್ಲಿ ಕೆಲವರಿಗೆ ಉತ್ತರ ಬಾರದೆ ಹೋಗುವುದುಂಟು. ನಮ್ಮಲ್ಲಿಯೂ ಐವರಿಗೆ ಬರಲಿಲ್ಲ. ಉಳಿದವರು ಕಾರ್ಡು ಹಿಡಿದು ಓಡಾಡುವಾಗ ಅವರು ಕಿಟಕಿಯ ಕಡೆಗೆ ಮುಖ ಮಾಡಿ ಕುಳಿತಿದ್ದರು. ಈ ಹೊತ್ತನ್ನು ಶಿಕ್ಷಕನು ಮೊದಲೇ ಊಹಿಸಿರಬೇಕು, ನಾನು ಊಹಿಸಿರಲಿಲ್ಲ. ಇಬ್ಬರು ಶಿಕ್ಷಕರೂ ಪರಸ್ಪರ ಹೆಸರಿನ ಯಾದಿಯನ್ನು ಇಟ್ಟುಕೊಂಡು, ಉತ್ತರಗಳನ್ನು ಅಂಚೆಗೆ ಹಾಕುವ ಮುಂಚೆ ತಾಳೆ ನೋಡಬೇಕು. ಅಷ್ಟಾದರೂ ಯಾರಾದರೂ ಉಳಿದರೆ ಆ ಮಗುವಿನ ಕಾರ್ಡಿನ ನಕಲನ್ನು ಗೋಡೆಯ ಹಾಳೆಗೆ ಏರಿಸಿ, ವರ್ಗದಲ್ಲಿಯೇ ಒಬ್ಬರಿಂದ ಉತ್ತರ ಬರೆಯಿಸಬೇಕು. ಸುಳ್ಳು ಹೆಸರಿನಲ್ಲಿ ತಾವೇ ಉತ್ತರ ಬರೆದು ಕೊಡುವ ದಯೆಯನ್ನು ಮಾತ್ರ ಮಾಡಬಾರದು. ಗುರುಗಳ ಅಕ್ಷರವನ್ನು ಮಕ್ಕಳು ಎಲ್ಲಿದ್ದರೂ ಗುರುತಿಸುತ್ತಾರೆ.

ತಿದ್ದುವುದನ್ನು ಬಿಟ್ಟುಬಿಡಬೇಕೇ ಎಂದು ತರಬೇತಿಯಲ್ಲಿ ಪ್ರತಿ ಸಲವೂ ಕೇಳುತ್ತಾರೆ. ಬಿಡಬೇಕಾಗಿಲ್ಲ, ಎರಡನೆಯದಾಗಿ ಮಾಡಬೇಕು. ವಹಿಯನ್ನು ಕೈಗೆತ್ತಿಕೊಂಡಾಗ ಮೊದಲು ಕೆಂಪು ಲೇಖನಿಯ ಟೊಪ್ಪಿಗೆಯನ್ನು ತೆಗೆಯದೆ ಪೂರ್ತಿ ಓದಿ, ಕೊನೆಯಲ್ಲಿ ನಮಗೆ ನಿಜವಾಗಿ ತಿಳಿಯಬೇಕೆನಿಸಿದ ಒಂದು ಪ್ರಶ್ನೆಯನ್ನು ನೀಲಿ ಮಸಿಯಲ್ಲಿ ಬರೆಯಬೇಕು. ಆಮೇಲೆ ಮೂರು ನಾಲ್ಕು ಮುಖ್ಯ ತಪ್ಪುಗಳನ್ನು ಗುರುತಿಸಬೇಕು. ಎಂಟೇ ಮಕ್ಕಳಿರುವ ವರ್ಗದಲ್ಲಿ ಇದಕ್ಕೆ ಒಂದು ತಾಸೂ ಹಿಡಿಯದು. ನಲವತ್ತು ಮಕ್ಕಳಿರುವಲ್ಲಿ ವಾರಕ್ಕೆ ಹತ್ತು ವಹಿಗಳನ್ನು ಈ ರೀತಿ ಓದಿ, ಉಳಿದವನ್ನು ಎಂದಿನಂತೆ ನೋಡಿದರೆ ತಿಂಗಳಿಗೊಮ್ಮೆ ಎಲ್ಲರ ಸರದಿಯೂ ಬರುತ್ತದೆ. ಯಾವ ವಾರ ಯಾರ ಸರದಿಯೆಂಬುದನ್ನು ಮಕ್ಕಳಿಗೆ ಮೊದಲೇ ತಿಳಿಸಿರಿ.

ಕಾರ್ಡುಗಳ ವಿನಿಮಯವನ್ನು ದೀಪಾವಳಿಯ ಸೂಟಿ ಮುಗಿದ ಕೂಡಲೇ ಆರಂಭಿಸುವುದು ಅನುಕೂಲ. ಉತ್ತರಗಳು ಬರುವ ಹೊತ್ತಿಗೆ ನಮ್ಮ ಹೊಲಗಳಲ್ಲಿ ಸೀತನಿಯ ಕಾಲ, ಅವರ ಅಂಗಳಗಳಲ್ಲಿ ಅಡಕೆ ಒಣಗಿಸುವ ಕಾಲ. ಬರೆಯಲು ಎರಡೂ ಕಡೆಯವರ ಬಳಿ ಏನಾದರೂ ಇದ್ದೇ ಇರುತ್ತದೆ.