ಹಡಗಿನ ಮಗ್ಗುಲಿನ ತೂಗುಮಂಚ

ಬಂದರಿನ ಧಕ್ಕೆಗೆ ಕಟ್ಟಿದ ಹಡಗಿಗೆ ಬಣ್ಣ ಬಳಿಯುವುದು ಬೇರೆ, ನಡುಗಡಲಲ್ಲಿ ಲಂಗರು ಹಾಕಿದ ಹಡಗಿಗೆ ಬಳಿಯುವುದು ಬೇರೆ. 1974ರಲ್ಲಿ ಮುಂಬಯಿಯ ಪಶ್ಚಿಮಕ್ಕೆ ಕಡಲತಳದಲ್ಲಿ ತೈಲ ದೊರೆತಂದಿನಿಂದ ಅಲ್ಲಿಯೂ ಹಡಗುಗಳು ದುಡಿಯುತ್ತಿವೆ. ಉಪ್ಪುನೀರು ಉಕ್ಕನ್ನು ತಿನ್ನುತ್ತಲೇ ಇರುತ್ತದೆ. ಪ್ರತಿಸಲವೂ ದಡಕ್ಕೆ ತಂದು ದುರಸ್ತಿ ಮಾಡುವುದು ದುಬಾರಿಯ ಮಾತು. ಆದ್ದರಿಂದ ಡೆಕ್ಕಿನಿಂದ ಹಗ್ಗಗಳಲ್ಲಿ ಮಂಚವೊಂದನ್ನು ಇಳಿಬಿಟ್ಟು, ಅದರ ಮೇಲೆ ನಿಂತು ತುಕ್ಕು ಕೆರೆಯುತ್ತಾರೆ.

ಕಲಬುರಗಿಗೆ ಕಡಲೆಲ್ಲಿಯದು ಎಂದು ವಾಚಕರು ನಕ್ಕಾರು. ಆದರೆ ಶಹಾಬಜಾರದ ನಮ್ಮ ಓಣಿಯಿಂದ ಮುಂಬಯಿಗೆ ಬಣ್ಣದ ಕೆಲಸಕ್ಕೆ ಹೋಗುವವರಿದ್ದಾರೆ. ಅವರು ಈ ಮಂಚವನ್ನು ‘ಝೂಲಾ’ ಎನ್ನುತ್ತಾರೆ. ಅಪಾಯವೆಲ್ಲ ಆ ಹೆಸರಿನಲ್ಲಿಯೇ ಇದೆ.

ಕಟ್ಟಡದ ಮೇಲಿನ ಲೆಕ್ಕ ಸುಲಭ. ಮಾಳಿಗೆಯಿಂದ ಅರ್ಧ ಮೀಟರು ಹೊರಚಾಚಿದ ತೊಲೆಯ ತುದಿಗೆ 400 ಕಿಲೋ ತೂಗಿದರೆ, ಅಂಚಿನಿಂದ 2 ಮೀಟರು ಹಿಂದೆ 100 ಕಿಲೋ ಇಟ್ಟಾಗ ತಕ್ಕಡಿ ಸಮ. ಅಮೆರಿಕದ ನಿಯಮ ಇದರ ನಾಲ್ಕು ಪಟ್ಟು ಕೇಳುತ್ತದೆ. ಹಗ್ಗವಂತೂ ತನ್ನ ಪಾಲಿನ ಭಾರದ 6 ಪಟ್ಟು ತಾಳಬೇಕು. ಹಡಗಿನಲ್ಲಿ ಡೆಕ್ಕೇ ವಾಲುವುದರಿಂದ ಬಿಡಿಭಾರ ಜಾರೀತು. ಅಲ್ಲಿ ತೊಲೆಯನ್ನು ಡೆಕ್ಕಿಗೆ ಬೆಸೆಯಬೇಕು, ಇಲ್ಲವೆ ಬೋಲ್ಟು ಹಾಕಿ ಬಿಗಿಯಬೇಕು.

ಭಾರದ ಪ್ರಶ್ನೆ ಇಲ್ಲಿಗೆ ಮುಗಿಯಿತು, ತೂಗಾಟದ್ದು ಮುಗಿಯಲಿಲ್ಲ. ಪಂಚಮಿಯ ಜೋಕಾಲಿಯನ್ನು ನೆನೆಯಿರಿ. ಹಗ್ಗ ಉದ್ದವಾದಷ್ಟೂ ಜೀಕು ನಿಧಾನ. ಉದ್ದವನ್ನು ಮೀಟರಿನಲ್ಲಿ ಅಳೆದು, ಅದರ ವರ್ಗಮೂಲವನ್ನು ಇಮ್ಮಡಿಸಿದರೆ ಒಂದು ಸಲ ಹೋಗಿ ಬರುವ ಕಾಲ ಸೆಕೆಂಡಿನಲ್ಲಿ ಹೆಚ್ಚುಕಡಿಮೆ ಸಿಗುತ್ತದೆ: 4 ಮೀಟರಿಗೆ 4, 9 ಮೀಟರಿಗೆ 6, 16 ಮೀಟರಿಗೆ 8. ಅಲೆಗೆ ಹಡಗು ಓಲಾಡುವ ಅವಧಿಯೂ ಎಷ್ಟೋ ವೇಳೆ 8-10 ಸೆಕೆಂಡೇ! ಎರಡೂ ಕೂಡಿದರೆ, ಜೀಕಿಗೆ ಸರಿಯಾಗಿ ಯಾರೋ ಹಿಂದಿನಿಂದ ನೂಕಿದಂತೆ, ಸಣ್ಣ ಅಲೆಗಳೇ ಮಂಚವನ್ನು ದೂರ ಒಯ್ದು ಹಡಗಿನ ಪಕ್ಕಕ್ಕೆ ಅಪ್ಪಳಿಸುತ್ತವೆ. ಏರಿಸುತ್ತ ಇಳಿಸುತ್ತ ಹಗ್ಗದ ಉದ್ದ ಬದಲಾಗುವುದರಿಂದ, ಮೇಲೆ ಸುಮ್ಮನಿದ್ದ ಮಂಚ ಕೆಳಗೆ ಹುಚ್ಚೇಳಬಹುದು. ದಪ್ಪ ಹಗ್ಗ ಇದಕ್ಕೆ ಮದ್ದಲ್ಲ. ಮಂಚವನ್ನು ಅಡ್ಡಹಗ್ಗಗಳಿಂದಲೋ ಬಲವಾದ ಅಯಸ್ಕಾಂತಗಳಿಂದಲೋ ಹಡಗಿನ ಮೈಗೆ ಹಿಡಿದಿರಿಸಬೇಕು. ನಡುವೆ ರಬ್ಬರಿನ ಗಾಲಿಗಳಿರಬೇಕು. ಮೂತಿಯ ಕಡೆ ಹಡಗಿನ ಮೈ ಕೆಳಗೆ ಒಳಸರಿಯುವುದರಿಂದ ಈ ಹಿಡಿತ ಅಲ್ಲಿ ಇನ್ನೂ ಅಗತ್ಯ.

ಆಳಿನ ಸೊಂಟದ ಜೀವಹಗ್ಗವನ್ನು ಮಂಚಕ್ಕೆ ಕಟ್ಟಿದರೆ, ಮಂಚ ಬಿದ್ದಾಗ ಅವನೂ ಅದರೊಡನೆ ಬೀಳುತ್ತಾನೆ. ಅದನ್ನು ಡೆಕ್ಕಿನ ಬೇರೊಂದು ಗೂಟಕ್ಕೇ ಕಟ್ಟಬೇಕು. ಮಂಚ ಇಳಿಸುವ ಮುನ್ನ ಆ ಮಗ್ಗುಲಿನಲ್ಲಿ ನೀರು ಹೊರಬಿಡುವ ಕೊಳವೆಗಳನ್ನು ಮುಚ್ಚಿಸಿ, ಹಿಂಬದಿಯ ಕೆಲಸವಾದರೆ ಪಂಖದ ಯಂತ್ರ ಚಾಲೂ ಆಗದಂತೆ ಬೀಗ ಹಾಕಿಸಿ, ಡೆಕ್ಕಿನ ಮೇಲೆ ಒಬ್ಬನನ್ನು ಬರೀ ನೋಡುತ್ತಿರಲೆಂದೇ ನಿಲ್ಲಿಸುತ್ತಾರೆ.